ಹೆಸರು ಕನಕಪುರದ್ದು, ತೀರ್ಪು ಉತ್ತರಹಳ್ಳಿಯದು

ನಮಸ್ಕಾರ ವೀಕ್ಷಕರೇ. ಹಿಂದಿನ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಕನಕಪುರ ಲೋಕಸಭಾ ಕ್ಷೇತ್ರವೆಂದರೆ ಎರಡು ಮನೆತನಗಳ ಜಗಳ, ಅದರಲ್ಲಿ ಇತಿಹಾಸವೇನಿದೆ?" ಎಚ್.ಡಿ. ದೇವೇಗೌಡರದು ಒಂದು ಮನೆತನ, ಡಿ.ಕೆ. ಶಿವಕುಮಾರ್ ಅವರದು ಇನ್ನೊಂದು ಎಂಬುದು ಅವರ ಲೆಕ್ಕ. ಈ ಮಾತನ್ನು ಒಪ್ಪಿ ತಲೆಯಾಡಿಸಿದವರ ಸಂಖ್ಯೆಯನ್ನು ಕಂಡು ನನಗೆ ಸಿಟ್ಟೂ ಬಂತು, ಬೇಸರವೂ ಆಯಿತು. 2008ರಲ್ಲಿ ಅಳಿಸಿಹೋದ ಆ ಕ್ಷೇತ್ರದ ಹಣೆಬರಹವನ್ನು ಬರೆದದ್ದು ನಕ್ಷೆಯ ಮೇಲಿನ ಒಂದು ಗೆರೆ. 1971ರ ಜನಗಣತಿಯನ್ನು ನೋಡಿ ಎಳೆದ ಆ ಗೆರೆಯನ್ನು ಮೂರು ದಶಕಗಳ ಕಾಲ ಯಾರೂ ಮುಟ್ಟಲಿಲ್ಲ.

ಕ್ಷೇತ್ರದೊಳಗೆ ಏನೇನಿತ್ತೆಂದು ನೋಡಿ. ಕನಕಪುರ, ಸಾತನೂರು, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಜೊತೆಗೆ ಬೆಂಗಳೂರಿನ ಅಂಚಿನ ಆನೇಕಲ್ ಮತ್ತು ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಗಳೂ ಇದ್ದವು. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ಒಂದು ಹಿಡಿ ರೇಷ್ಮೆಗೂಡನ್ನೆತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ ಬೆಲೆ ಕೂಗುವ ಹೊತ್ತಿಗೆ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದೊಳಗೆ ಇನ್ನೊಬ್ಬ ಮತದಾರ ಕಂಪ್ಯೂಟರಿನ ಮುಂದೆ ಕುಳಿತಿರುತ್ತಿದ್ದ. ಇಬ್ಬರಿಗೂ ಸಂಸದರು ಒಬ್ಬರೇ. ಒಬ್ಬನಿಗೆ ಗೂಡಿಗೆ ಬೆಲೆ ಸಿಗಬೇಕು, ಇನ್ನೊಬ್ಬನಿಗೆ ಹೊಸೂರು ರಸ್ತೆಯಲ್ಲಿ ವಾಹನ ಮುಂದೆ ಸಾಗಬೇಕು.

ಇತ್ತ ಬೆಂಗಳೂರು ಬೆಳೆಯುತ್ತಲೇ ಇತ್ತು. ಕೆಂಗೇರಿ, ಬೇಗೂರು, ಬೊಮ್ಮನಹಳ್ಳಿಗಳ ಹೊಲಗದ್ದೆಗಳು ಬಡಾವಣೆಗಳಾದವು, ಬಡಾವಣೆಗಳು ಊರುಗಳಾದವು, ಆದರೆ ಕ್ಷೇತ್ರದ ಗಡಿ ಇದ್ದಲ್ಲಿಯೇ ಇತ್ತು. ಸಂವಿಧಾನದ 1976ರ 42ನೆಯ ತಿದ್ದುಪಡಿಯಿಂದಾಗಿ 2001ರ ಜನಗಣತಿಯವರೆಗೆ ಹೊಸ ಪುನರ್ವಿಂಗಡಣೆಗೆ, ಅಂದರೆ ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯುವುದಕ್ಕೆ, ಅವಕಾಶವೇ ಇರಲಿಲ್ಲ. ಉತ್ತರಹಳ್ಳಿ ಎಂಬ ಒಂದೇ ವಿಧಾನಸಭಾ ಕ್ಷೇತ್ರ ಊದಿಕೊಂಡು ರಾಜ್ಯದಲ್ಲೇ ಅತಿ ದೊಡ್ಡ ಮತದಾರರ ಪಟ್ಟಿಯನ್ನು ಹೊತ್ತು ನಿಂತಿತು. ಕನಕಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಕ್ಷೇತ್ರದ ತಕ್ಕಡಿ ಎತ್ತ ವಾಲಬೇಕೆಂದು ತೀರ್ಮಾನಿಸುತ್ತಿದ್ದವರು ನಗರದ ಅಂಚಿನ ಬಾಡಿಗೆ ಮನೆಗಳಲ್ಲಿ, ಹೊಸ ನಿವೇಶನಗಳಲ್ಲಿ ನೆಲೆಸಿದ್ದ ಜನ.

ಎರಡು ಮನೆತನಗಳೆಂಬ ವಾದಕ್ಕೆ ಈಗ ಬರೋಣ. 1967ರಲ್ಲಿ ಇಲ್ಲಿಂದ ಗೆದ್ದವರು ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್. 1977ರಿಂದ 1991ರವರೆಗೆ ಸತತವಾಗಿ ಐದು ಬಾರಿ, ಮತ್ತೆ 1999ರಲ್ಲಿ ಗೆದ್ದವರು ಎಂ.ವಿ. ಚಂದ್ರಶೇಖರಮೂರ್ತಿ. ನರಸಿಂಹರಾವ್ ಸರ್ಕಾರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಅವರು ಆ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಆರು ಬಾರಿ ಗೆದ್ದವರ ಹೆಸರನ್ನೇ ನುಂಗಿಬಿಡುವ ಕಥೆಯನ್ನು ಇತಿಹಾಸವೆಂದು ಹೇಗೆ ಒಪ್ಪುವುದು?

1996ರಿಂದ ಮುಂದಿನ ಫಲಿತಾಂಶಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. 1996ರಲ್ಲಿ ಜನತಾದಳದ ಎಚ್.ಡಿ. ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್, 1999ರಲ್ಲಿ ಕಾಂಗ್ರೆಸ್ಸಿನ ಚಂದ್ರಶೇಖರಮೂರ್ತಿ, ಅವರ ನಿಧನದ ನಂತರ 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದ ಜೆಡಿಎಸ್‌ನ ಎಚ್.ಡಿ. ದೇವೇಗೌಡ, 2004ರಲ್ಲಿ ಕಾಂಗ್ರೆಸ್ಸಿನ ತೇಜಸ್ವಿನಿ. ಎಂಟು ವರ್ಷಗಳಲ್ಲಿ ಐದು ಚುನಾವಣೆಗಳು ನಡೆದರೂ ಒಂದು ಪಕ್ಷವೂ ಸತತ ಎರಡು ಸಲ ಗೆಲ್ಲಲಿಲ್ಲ. ಮನೆತನದ ಹಿಡಿತವೆಂದರೆ ಹೀಗಿರುತ್ತದೆಯೇ? 1998ರಲ್ಲಿ ಗೆದ್ದ ಶ್ರೀನಿವಾಸ್ ಅದಕ್ಕೂ ಮೊದಲು ಎಲ್ಲಿಯ ಶಾಸಕರಾಗಿದ್ದರು ಗೊತ್ತೆ? ಉತ್ತರಹಳ್ಳಿಯವರು! ಅವರು ತೆರವು ಮಾಡಿದ ಆ ಸ್ಥಾನವನ್ನು ಹಿಡಿದ ಆರ್. ಅಶೋಕ, ಕ್ಷೇತ್ರವೇ ಇಲ್ಲವಾಗುವ ತನಕ ಅದನ್ನು ಬಿಟ್ಟುಕೊಡಲಿಲ್ಲ.

"ದೇವೇಗೌಡರು 2002ರಲ್ಲಿ ಗೆದ್ದರಲ್ಲ" ಎನ್ನುತ್ತೀರಿ. ಗೆದ್ದರು, ನಿಜ. ಎರಡೇ ವರ್ಷಗಳಲ್ಲಿ ಅದೇ ಕ್ಷೇತ್ರ ಮಾಜಿ ಪ್ರಧಾನಿಯನ್ನು ಮೂರನೆಯ ಸ್ಥಾನಕ್ಕೆ ತಳ್ಳಿತಲ್ಲ, ಅದಕ್ಕೇನು ಹೇಳುತ್ತೀರಿ? ಎರಡನೆಯ ಸ್ಥಾನಕ್ಕೆ ಬಂದದ್ದು ಬಿಜೆಪಿಯ ರಾಮಚಂದ್ರಗೌಡ. ಸಾತನೂರಿನ ಹಳ್ಳಿಗಳಲ್ಲಿ ಅಂದು ಬಿಜೆಪಿಯ ಬಾವುಟ ಕಟ್ಟಲು ಕಾರ್ಯಕರ್ತರನ್ನು ಹುಡುಕಬೇಕಿದ್ದ ಕಾಲದಲ್ಲಿ ಆ ಮತಗಳು ಎಲ್ಲಿಂದ ಬಂದವೆಂಬುದನ್ನು ಇನ್ನೂ ಬಿಡಿಸಿ ಹೇಳಬೇಕೇ? ಜಾತಿ ಲೆಕ್ಕವೆನ್ನುವವರೂ ಇದ್ದಾರೆ. ಅದೇ ಜಾತಿಗಳು, ಅದೇ ಊರುಗಳು ಇದ್ದುಕೊಂಡೇ ಫಲಿತಾಂಶ ಪ್ರತಿ ಸಲ ಬದಲಾದುದನ್ನು ಆ ಲೆಕ್ಕ ವಿವರಿಸುವುದಿಲ್ಲ. ಬದಲಾಗುತ್ತಿದ್ದದ್ದು ಉತ್ತರಹಳ್ಳಿಯ ಮತದಾರರ ಪಟ್ಟಿ. ಮತ್ತೆ ಹೇಳುತ್ತೇನೆ, ಉತ್ತರಹಳ್ಳಿಯ ಮತದಾರರ ಪಟ್ಟಿ!

ಕೊನೆಗೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಪುನರ್ವಿಂಗಡಣಾ ಆಯೋಗ 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ಹೊಸದಾಗಿ ಎಳೆಯಿತು. ಹೊಸ ಗಡಿಗಳಲ್ಲಿ ಚುನಾವಣೆ ನಡೆದ ಮೊದಲ ರಾಜ್ಯವೇ ನಮ್ಮದು, 2008ರ ಮೇ ತಿಂಗಳಲ್ಲಿ. ಸಾತನೂರು ಹೋಯಿತು, ಉತ್ತರಹಳ್ಳಿ ಹಲವು ಹೋಳಾಯಿತು, ಕನಕಪುರ ಲೋಕಸಭಾ ಕ್ಷೇತ್ರದ ಜಾಗದಲ್ಲಿ "ಬೆಂಗಳೂರು ಗ್ರಾಮಾಂತರ" ಬಂತು. ಆದರೆ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಜೊತೆಗೆ ಕುಣಿಗಲ್ಲನ್ನು ಸೇರಿಸಿ, ಅದೇ ಬುಟ್ಟಿಯೊಳಗೆ ರಾಜರಾಜೇಶ್ವರಿ ನಗರ, ಬೆಂಗಳೂರು ದಕ್ಷಿಣ, ಆನೇಕಲ್‌ಗಳನ್ನೂ ಇಟ್ಟರು. ರಾಜರಾಜೇಶ್ವರಿ ನಗರ ಅದಕ್ಕೂ ಒಂದು ವರ್ಷ ಮೊದಲೇ, 2007ರಲ್ಲಿ, ಬಿಬಿಎಂಪಿಗೆ ಸೇರಿಯಾಗಿತ್ತು. ಪಾಲಿಕೆಗೆ ತೆರಿಗೆ ಕಟ್ಟುವ ಮನೆಯವರು ಲೋಕಸಭೆಗೆ ಗ್ರಾಮಾಂತರದವರಾದರು. 2024ರಲ್ಲಿ ಶಿವಕುಮಾರ್ ಅವರ ತಮ್ಮ, ಸತತ ಗೆಲುವುಗಳ ಡಿ.ಕೆ. ಸುರೇಶ್ ಅವರನ್ನು ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದಾಗ, ದೊಡ್ಡ ಮುನ್ನಡೆ ಬಂದದ್ದು ಈ ನಗರದಂಚಿನ ಕ್ಷೇತ್ರಗಳಿಂದಲೇ. ಅಂದೂ ಟಿವಿಯವರು ಮಾತಾಡಿದ್ದು ಎರಡು ಮನೆತನಗಳ ಬಗ್ಗೆ!

ಈಗ ಮತ್ತೆ ಪುನರ್ವಿಂಗಡಣೆಯ ಚರ್ಚೆ ಎದ್ದಿದೆ. ಕರ್ನಾಟಕಕ್ಕೆ ಸಿಗುವ ಸ್ಥಾನ 28ಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಎಲ್ಲರೂ ಕೂಗುತ್ತಿದ್ದಾರೆ. ರಾಜ್ಯದೊಳಗಿನ ಗೆರೆಗಳು ಎಲ್ಲಿ ಬೀಳುತ್ತವೆ, ಯಾವ ಹೋಬಳಿ ಯಾವ ಕ್ಷೇತ್ರಕ್ಕೆ ಹೋಗುತ್ತದೆ ಎಂದು ಯಾರೂ ಕೇಳುತ್ತಿಲ್ಲ. ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಾಗ ಕೇಳಬೇಕು, ಆಮೇಲೆ ಕೇಳಿ ಫಲವಿಲ್ಲ. ಕರಡು ಬಂದ ದಿನ ಈ ವಾಹಿನಿಯಲ್ಲಿ ಅದನ್ನು ಹೋಬಳಿಹೋಬಳಿಯಾಗಿ ಓದುತ್ತೇನೆ, ಚಂದಾದಾರರಾಗಿ. 2004ರಲ್ಲಿ ಉತ್ತರಹಳ್ಳಿಯಲ್ಲಿ ಮತ ಹಾಕಿದವರು ನಿಮ್ಮಲ್ಲಿದ್ದರೆ, ನಿಮ್ಮ ಮತಗಟ್ಟೆ ಯಾವ ಬಡಾವಣೆಯಲ್ಲಿತ್ತು, ಸಾಲು ಎಷ್ಟು ಉದ್ದವಿತ್ತು ಎಂದು ಕೆಳಗೆ ಬರೆಯಿರಿ. ಎರಡು ಮನೆತನಗಳೆಂದು ಮತ್ತೆ ಬರೆಯುವವರು ಮೊದಲು ಆ ಉತ್ತರಗಳನ್ನು ಓದಲಿ.