ಸ್ಟಂಪ್ ಗ್ರೈಂಡರ್ ಕೊಳ್ಳುವ ಮುನ್ನ ಗೇಟು ಅಳೆಯಿರಿ

ಕೇಳುಗರೇ, ನಮಸ್ಕಾರ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಮಳೆ ಬಂತೆಂದರೆ ಗುಲ್‌ಮೊಹರ್ ಮರಗಳು ಉರುಳುತ್ತವೆ. ಕೊಂಬೆ, ಕಾಂಡ ಬೇಗ ಸಾಗಿಹೋಗುತ್ತವೆ. ಬೊಡ್ಡೆ ಮಾತ್ರ ಫುಟ್‌ಪಾತಿನಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಮರ ಸವರುವ, ಕತ್ತರಿಸುವ ಚಿಕ್ಕ ತಂಡಗಳಿಗೆ ಇಲ್ಲಿ ಒಳ್ಳೆಯ ಕೆಲಸವಿದೆ. ಅದಕ್ಕೆ ಬೇಕಾದ ಯಂತ್ರವೇ ಸ್ಟಂಪ್ ಗ್ರೈಂಡರ್.

ಒಂದು ಉಕ್ಕಿನ ಚಕ್ರ, ಅದರ ಸುತ್ತ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ತುದಿಯಿರುವ ಹಲ್ಲುಗಳು. ತಿರುಗುವ ಚಕ್ರವನ್ನು ಬೊಡ್ಡೆಯ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಎಡಕ್ಕೂ ಬಲಕ್ಕೂ ಆಡಿಸಿದರೆ ಮರ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಜೆಸಿಬಿ ತರಿಸಿದರೆ ಆಗಲ್ವಾ ಅನ್ನಬಹುದು. ಖಾಲಿ ಸೈಟಾದರೆ ಆಗುತ್ತದೆ. ಕಾಂಪೌಂಡಿನ ಪಕ್ಕ ಕಿತ್ತರೆ ಬೇರಿನ ಜೊತೆ ನೀರಿನ ಪೈಪೂ ಎದ್ದು ಬರಬಹುದು, ಗೋಡೆಯೂ ಬಿರುಕು ಬಿಡಬಹುದು.

ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಅಂತ. ಅದಕ್ಕೂ ಮೊದಲು ನಿಮ್ಮ ಗಿರಾಕಿಗಳ ಗೇಟು ಅಳೆಯಿರಿ. ಹಳೆಯ ಬಡಾವಣೆಗಳಲ್ಲಿ ಮನೆ ಪಕ್ಕದ ಸಂದಿ ಮೂರು ಅಡಿ ಇದ್ದರೆ ಜಾಸ್ತಿ. ಹಿತ್ತಿಲಿಗೆ ನುಗ್ಗಲಾರದ ಯಂತ್ರಕ್ಕೆ ಎಷ್ಟು ಬಲವಿದ್ದರೇನು?

ಕೈಯಲ್ಲಿ ಹಿಡಿದು ತಳ್ಳುವ ಚಿಕ್ಕ ಯಂತ್ರಗಳಿಗೆ ಸಾಮಾನ್ಯವಾಗಿ 13 ಎಚ್‌ಪಿ ಆಸುಪಾಸಿನ ಪೆಟ್ರೋಲ್ ಎಂಜಿನ್ ಇರುತ್ತದೆ. ಹೊಂಡಾದ 389 ಸಿಸಿ ಎಂಜಿನ್ ಈ ಗುಂಪಿನದು. ಅಂಥ ಎಂಜಿನ್‌ಗಳನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ನಿಮ್ಮೂರಲ್ಲಿ ಇದ್ದಾನೋ ಇಲ್ಲವೋ ನೋಡಿಕೊಳ್ಳಿ. ಯಂತ್ರ ಸಂದಿಯಲ್ಲಿ ಸಲೀಸಾಗಿ ಹೋಗುತ್ತದೆ, ಆದರೆ ಕುಲುಕಾಟವೆಲ್ಲ ನಿಮ್ಮ ತೋಳಿಗೇ. ದಿನವಿಡೀ ದೊಡ್ಡ ಬೊಡ್ಡೆಗಳಿದ್ದರೆ ತಾನೇ ಚಲಿಸುವ, ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಇರುವ, 25 ಎಚ್‌ಪಿ ಮೇಲಿನ ಯಂತ್ರವೇ ಬೇಕು. ಆಗ ತೂಕ ವಿಚಾರಿಸಿ. ನಿಮ್ಮ ಟಾಟಾ ಏಸ್ ಅದನ್ನು ಹೊರುತ್ತದಾ, ಹತ್ತಿಸಲು ರ‍್ಯಾಂಪ್ ಇದೆಯಾ? ತೋಟದ ಕಡೆ ಕೆಲಸ ಮಾಡುವವರಿಗೆ ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಅದರ ಎಂಜಿನ್ ತಿರುಗಿಸುವ ಹಿಂಬದಿಯ ಶಾಫ್ಟಿಗೆ, ಜೋಡಿಸುವ ಗ್ರೈಂಡರ್ ಸಾಕು. ಬೇರೆ ಎಂಜಿನ್ನಿನ ಖರ್ಚೇ ಇರುವುದಿಲ್ಲ.

ರೇಟು ಕಟ್ಟುವಾಗ ಒಂದು ಲೆಕ್ಕ ನೆನಪಿಡಿ. ಒಂದಡಿ ಅಗಲದ ಬೊಡ್ಡೆಗಿಂತ ಎರಡಡಿಯದು ಎರಡು ಪಟ್ಟು ಕೆಲಸವಲ್ಲ, ನಾಲ್ಕು ಪಟ್ಟು, ಏಕೆಂದರೆ ಅರೆಯಬೇಕಾದ ಜಾಗವೇ ನಾಲ್ಕು ಪಟ್ಟಾಗುತ್ತದೆ. ಕೊಯ್ದ ಜಾಗದಲ್ಲಿ ಅಳೆಯಬೇಡಿ. ನೆಲಮಟ್ಟದಲ್ಲಿ, ಬೇರು ಹರಡಿಕೊಂಡ ಕಡೆ ಅಳೆಯಿರಿ. ಹುಲ್ಲು ಹಾಕುವುದಾದರೆ ಗೇಣುದ್ದ ಆಳ ಅರೆದರೆ ಸಾಕು. ಅದೇ ಜಾಗದಲ್ಲಿ ಗಿಡ ನೆಡುವುದಾದರೆ ಒಂದಡಿಗಿಂತ ಕೆಳಗೆ ಇಳಿಯಬೇಕು. ಯಂತ್ರ ಎಷ್ಟು ಆಳ ಹೋಗುತ್ತದೆ ಅಂತ ಕೇಳುವುದು ಅದಕ್ಕೇ.

ಇನ್ನು ಹಲ್ಲಿನ ವಿಷಯ. ನನ್ನ ಮಟ್ಟಿಗೆ ಕೊಳ್ಳುವ ತೀರ್ಮಾನ ಆಗಬೇಕಾದ್ದು ಇಲ್ಲೇ. ಹುಣಸೆ, ಬೇವಿನಂಥ ಗಟ್ಟಿ ಮರ ಹಲ್ಲನ್ನು ಬೇಗ ಸವೆಸುತ್ತದೆ. ಆದರೆ ಹಲ್ಲಿನ ನಿಜವಾದ ಶತ್ರು ಕಲ್ಲು, ಮೊಳೆ, ಹಳೆ ಬೇಲಿಯ ತಂತಿ. ಬೇರಿನ ಸಂದಿಯಲ್ಲಿ ಸೈಜುಗಲ್ಲಿನ ಚೂರುಗಳನ್ನು ಮರ ನುಂಗಿಕೊಂಡಿರುತ್ತದೆ. ಹಾರೆ ಹಿಡಿದು ಸುತ್ತಲಿನ ಮಣ್ಣು ಬಿಡಿಸಿ, ಕಲ್ಲು ತೆಗೆದು, ಬೊಡ್ಡೆಯನ್ನು ಗರಗಸದಲ್ಲಿ ಆದಷ್ಟು ತಗ್ಗಿಸಿ, ಆಮೇಲೆ ಯಂತ್ರ ಹಚ್ಚಿ. ಚಕ್ಕೆ ಬರುವ ಬದಲು ಪುಡಿ ಬರತೊಡಗಿದರೆ, ಬೆಲ್ಟು ಸುಟ್ಟ ವಾಸನೆ ಬಂದರೆ, ಹಲ್ಲು ಮೊಂಡಾಗಿದೆ ಅಂತಲೇ ತಿಳಿಯಿರಿ. ಕಾರ್ಬೈಡಿಗೆ ಸಾಮಾನ್ಯ ಸಾಣೆಕಲ್ಲು ನಡೆಯುವುದಿಲ್ಲ, ಡೈಮಂಡ್ ಚಕ್ರ ಬೇಕು. ತಿರುಗಿಸಿ ಹೊಸ ಅಂಚನ್ನು ಬಳಸಬಹುದಾದ ದುಂಡು ಹಲ್ಲುಗಳೂ ಇವೆ. ಅವು ಸಿಕ್ಕರೆ ಅವನ್ನೇ ಆರಿಸಿ. ಮಾರುವವರನ್ನು ನೇರವಾಗಿ ಕೇಳಿ: ಹಲ್ಲು, ಬೋಲ್ಟು, ಬೆಲ್ಟು ನಿಮ್ಮಲ್ಲಿ ಸ್ಟಾಕ್ ಇವೆಯಾ, ಆರ್ಡರ್ ಹಾಕಿದರೆ ಎಷ್ಟು ದಿನಕ್ಕೆ ಬರುತ್ತವೆ? ಉತ್ತರ ತಡವರಿಸಿದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ. ಹಲ್ಲು ಸಿಗದೆ ಯಂತ್ರ ಶೆಡ್ಡಿನಲ್ಲಿ ನಿಂತರೆ ಸಾಲದ ಕಂತು ನಿಲ್ಲುವುದಿಲ್ಲ.

ಹಳೆಯದನ್ನು ಕೊಳ್ಳುವುದಾದರೆ ಎಂಜಿನ್ ಆಫ್ ಮಾಡಿಸಿ, ಪ್ಲಗ್ ವೈರು ತೆಗೆಸಿ, ಚಕ್ರ ಪೂರ್ತಿ ನಿಂತ ಮೇಲೆ ಕೈಯಲ್ಲಿ ಅಲುಗಾಡಿಸಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಹಲ್ಲು ಕೂರುವ ಗುಂಡಿಗಳು ಸವೆದಿವೆಯಾ, ಹೈಡ್ರಾಲಿಕ್ ಎಣ್ಣೆ ಜಿನುಗುತ್ತಿದೆಯಾ ಅಂತಲೂ ಪರೀಕ್ಷಿಸಿ.

ಯಂತ್ರದ ದುಡ್ಡಿನ ಜೊತೆಗೇ ಮುಖದ ಗುರಾಣಿ, ಕಿವಿಮುಚ್ಚಿಗೆ, ಗಟ್ಟಿ ಬೂಟು, ಚಕ್ಕೆ ತಡೆಯುವ ಪರದೆಗೂ ದುಡ್ಡು ತೆಗೆದಿಡಿ. ಹಾರಿದ ಒಂದು ಕಲ್ಲು ಕಾರಿನ ಗಾಜು ಒಡೆಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಲುಂಗಿ, ಸಡಿಲ ಅಂಗಿ ಬೇಡವೇ ಬೇಡ. ರಸ್ತೆಬದಿಯಲ್ಲಾದರೆ ಕೆಳಗೆ ಕರೆಂಟಿನ ಕೇಬಲ್ಲು, ಗ್ಯಾಸ್ ಪೈಪು ಇದೆಯಾ ಅಂತ ವಿಚಾರಿಸದೆ ಚಕ್ರ ಇಳಿಸಬಾರದು.

ಕಾಗದಪತ್ರವನ್ನೂ ನೋಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕದ್ದು ಕಡಿದ ಮರಕ್ಕೆ ಬೊಡ್ಡೆಯೇ ಸಾಕ್ಷಿ. ಅದನ್ನು ಅಳಿಸಿಹಾಕುವ ಕೆಲಸಕ್ಕೆ ನಿಮ್ಮ ಯಂತ್ರ ಬಳಕೆಯಾಗಬಾರದು. ಅನುಮತಿ ಪತ್ರದ ನಕಲು ಕೈಗೆ ಬಂದ ಮೇಲೆಯೇ ಗಾಡಿ ಹೊರಡಿಸಿ.