ಎಣ್ಣೆ ಬಿಟ್ಟು ಮಲಗು: ಒಂದು ಸಬ್‌ಮರೀನ್, ಒಂದು ರೋಡ್ ರೋಲರ್

ನಮಸ್ಕಾರ. ಶಿವಮೊಗ್ಗದಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಹಿಡಿದುಕೊಂಡಿದೆ. ರೆಕಾರ್ಡಿಂಗಲ್ಲಿ ತಗಡಿನ ಸದ್ದು ಕೇಳಿದರೆ ಬೈಬೇಡಿ, ಜುಲೈ ತಿಂಗಳಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ.

ಇವತ್ತಿನ ವಿಷಯ ಸಬ್‌ಮರೀನ್. ಪೇಪರಿನವರು ಬರೆಯುವ ಹಾಗೆ ಹೇಳಬೇಕೆಂದರೆ ಜಲಾಂತರ್ಗಾಮಿ. ಅಡಿಕೆ ಕೊಳೆರೋಗದ ಬಗ್ಗೆ ಹೇಳು ಅಂದರೆ ಇವನು ಸಬ್‌ಮರೀನ್ ಅಂತಾನಲ್ಲ ಅಂತ ನಗಬೇಡಿ. ಆಸ್ಟ್ರೇಲಿಯಾದಲ್ಲಿ ಹೋಲ್‌ಬ್ರೂಕ್ ಅಂತ ಒಂದು ಊರಿದೆ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ. ಮೊದಲು ಅದಕ್ಕೆ ಬೇರೆ ಹೆಸರಿತ್ತು. ಮೊದಲ ಮಹಾಯುದ್ಧದಲ್ಲಿ ಸಾಹಸ ಮಾಡಿದ ಒಬ್ಬ ಸಬ್‌ಮರೀನ್ ಅಧಿಕಾರಿಯ ಹೆಸರನ್ನು 1915ರಲ್ಲಿ ಊರಿಗೇ ಇಟ್ಟುಕೊಂಡರು. ಆಮೇಲೆ 1990ರ ದಶಕದಲ್ಲಿ ‘ಓಟ್ವೇ’ ಅನ್ನುವ ನಿಜವಾದ ಸಬ್‌ಮರೀನಿನ ಮೇಲರ್ಧ ತಂದು ಪಾರ್ಕಿನ ಹುಲ್ಲಿನ ಮೇಲೆ ಕೂರಿಸಿಕೊಂಡರು. ಅವರಿಗೆ ಹೋಲಿಸಿದರೆ ನಾವು ಸಮುದ್ರಕ್ಕೆ ಹತ್ತಿರದವರು. ಆಗುಂಬೆ ಘಟ್ಟ ಇಳಿದರೆ ಆಯ್ತಲ್ಲ.

ನಾನು ಹೇಳಬೇಕಾದದ್ದು ‘ಕಾಡ್’ ಅನ್ನುವ ಸಬ್‌ಮರೀನಿನ ಬಗ್ಗೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನಲ್ಲಿ, ಈರಿ ಸರೋವರದ ದಂಡೆಯಲ್ಲಿ ನಿಂತಿದೆ. ಕಾಡ್ ಅಂದರೆ ಒಂದು ಜಾತಿಯ ಮೀನು, ನಮ್ಮ ಕಾಡಲ್ಲ. 1943ರಲ್ಲಿ ನೌಕಾಪಡೆ ಸೇರಿ ಏಳು ಸಲ ಯುದ್ಧದ ಗಸ್ತು ಹೋಗಿ ಬಂದ ದೋಣಿ. 1945ರ ಜುಲೈನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಡಚ್ಚರ ಸಬ್‌ಮರೀನ್ ಒಂದು ದಿಬ್ಬಕ್ಕೆ ಹತ್ತಿ ಸಿಕ್ಕಿಹಾಕಿಕೊಂಡಿತ್ತು. ಎಳೆದರೂ ಬರಲಿಲ್ಲ. ಕೊನೆಗೆ ಅದರಲ್ಲಿದ್ದ 56 ಜನರನ್ನು ಇವರು ತಮ್ಮ ದೋಣಿಗೆ ಹತ್ತಿಸಿಕೊಂಡರು. ಮೊದಲೇ ಒಬ್ಬರ ಮಂಚದ ಮೇಲೆ ಇನ್ನೊಬ್ಬರು ಮಲಗುವ ಜಾಗ. ಅದರೊಳಗೆ ಇನ್ನೂ 56 ಮಂದಿ! ನವರಾತ್ರಿ ರಜೆಯಲ್ಲಿ ಬೆಂಗಳೂರಿಂದ ಬರುವ ರಾತ್ರಿ ಬಸ್ಸು ನೆನಪು ಮಾಡಿಕೊಳ್ಳಿ, ಕಿಟಕಿ ಒಂದೂ ಇಲ್ಲ ಅಂದುಕೊಳ್ಳಿ.

ಯುದ್ಧ ಮುಗಿದ ಮೇಲೆ ಅದು 1959ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂತು, ಮೀಸಲು ಪಡೆಯ ಹುಡುಗರ ತರಬೇತಿಗೆ. ವಿಶೇಷ ಏನೆಂದರೆ ಅದರ ಐದು ಡೀಸೆಲ್ ಎಂಜಿನ್ ತಯಾರಾದದ್ದು ಅದೇ ಊರಿನ ಕಾರ್ಖಾನೆಯಲ್ಲಿ. ತವರಿಗೆ ವಾಪಸ್ ಬಂದ ಹಾಗೆ. ತರಬೇತಿ ಕೆಲಸವೂ ಮುಗಿದಾಗ ಗುಜರಿಗೆ ಹಾಕುವ ಮಾತು ಬಂತು. ಊರವರು ಬಿಡಲಿಲ್ಲ. ಸಮಿತಿ ಮಾಡಿಕೊಂಡು ಹಿಂದೆ ಬಿದ್ದು, 1976ರಲ್ಲಿ ನೌಕಾಪಡೆಯಿಂದ ಬರೆಸಿಕೊಂಡು, ಅದೇ ವರ್ಷ ಜನರಿಗೆ ತೆರೆದರು. ಅಲ್ಲಿಂದ ಇಲ್ಲಿವರೆಗೆ ಅದನ್ನು ಬಿಚ್ಚಿ, ತಿಕ್ಕಿ, ಜೋಡಿಸುವ ಕೆಲಸದಲ್ಲಿ ದೊಡ್ಡ ಪಾಲು ಸಂಬಳ ಇಲ್ಲದ ಜನರದ್ದು.

ಅವರು ಮಾಡಿದ ಒಂದು ತೀರ್ಮಾನ ನನಗೆ ಬಹಳ ಹಿಡಿಸಿತು. ಸಾಮಾನ್ಯವಾಗಿ ಸಬ್‌ಮರೀನನ್ನು ಮ್ಯೂಸಿಯಂ ಮಾಡುವಾಗ ಪಕ್ಕದಲ್ಲಿ ಬಾಗಿಲು ಕೊರೆದು ಮೆಟ್ಟಿಲು ಇಡುತ್ತಾರೆ. ವಿಶಾಖಪಟ್ಟಣದ ಕಡಲ ದಂಡೆಯಲ್ಲಿರುವ ನಮ್ಮ ‘ಕುರ್ಸುರಾ’ ನೋಡಿದವರಿಗೆ ಗೊತ್ತು, ಆರಾಮವಾಗಿ ನಡೆದುಕೊಂಡು ಒಳಗೆ ಹೋಗಬಹುದು. ಕಾಡ್‌ನವರು ಒಂದು ಬಾಗಿಲನ್ನೂ ಕೊರೆಯಲಿಲ್ಲ. ಮೇಲಿನ ಆ ಗುಂಡು ಬಾಯಿಯಲ್ಲೇ ಕಾಲು ಇಳಿಬಿಟ್ಟು, ನೆಟ್ಟಗಿರುವ ಕಬ್ಬಿಣದ ಏಣಿ ಹಿಡಿದು ಇಳಿಯಬೇಕು. ಮಂಡಿನೋವಿನವರು ಹೊರಗೇ ಉಳಿಯುತ್ತಾರೆ. ಅದು ನ್ಯಾಯವಲ್ಲ, ಒಪ್ಪುತ್ತೇನೆ. ಕುರ್ಸುರಾದೊಳಗೆ ನಮ್ಮಮ್ಮ ಹೋಗಿಬಂದದ್ದು ಆ ಕೊರೆದ ಬಾಗಿಲಿನಿಂದಲೇ. ಆದರೂ ಇಳಿದವನಿಗೆ ಒಂದು ಸಂಗತಿ ಮೈಗೇ ತಿಳಿಯುತ್ತದೆ: ಇದು ಮನುಷ್ಯನ ಅನುಕೂಲಕ್ಕೆ ಮಾಡಿದ್ದಲ್ಲ.

ಈಗ ಮಾವನ ವಿಷಯಕ್ಕೆ ಬರುತ್ತೇನೆ. ನಮ್ಮ ದೊಡ್ಡಮಾವ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಮಾವನ ಅಪ್ಪನೂ ಅಲ್ಲೇ. ಈಗ ಮಾವನಿಗೆ ಎಪ್ಪತ್ತು ದಾಟಿದೆ. ಸಂಜೆ ನಮ್ಮನೆಗೆ ಬಂದು ಕಷಾಯ ಕುಡಿಯುತ್ತಾ ನನ್ನ ಜೊತೆ ಈ ಸಬ್‌ಮರೀನ್ ರಿಪೇರಿ ವಿಡಿಯೋಗಳನ್ನು ನೋಡುತ್ತಾರೆ. ಇಂಗ್ಲಿಷ್ ಅರ್ಧಂಬರ್ಧ, ಆದರೆ ಕೈಕೆಲಸ ಪೂರ್ತಿ ಅರ್ಥವಾಗುತ್ತದೆ. ‘ಆ ಹುಡುಗ ಸ್ಪ್ಯಾನರ್ ಹಿಡಿದಿದ್ದು ಸರಿ ಇಲ್ಲ ನೋಡು, ಜಾರಿದರೆ ಗೆಣ್ಣು ಕಿತ್ತುಹೋಗ್ತದೆ’ ಅಂತಾರೆ. ಎರಡು ನಿಮಿಷಕ್ಕೆ ಆ ಹುಡುಗ ಕೈ ಝಾಡಿಸುತ್ತಾ ಬಾಯಿಗೆ ಬೆರಳು ಇಟ್ಟುಕೊಳ್ಳುತ್ತಾನೆ. ಮಾವನಿಗೆ ಪರಮ ಸಂತೋಷ.

ಆ ವಿಡಿಯೋಗಳಲ್ಲಿ ದೊಡ್ಡ ಸಾಹಸ ಏನೂ ಇರುವುದಿಲ್ಲ. ಒಬ್ಬ ಅಜ್ಜ ಬ್ಯಾಟರಿ ಇಡುತ್ತಿದ್ದ ತೊಟ್ಟಿಯೊಳಗೆ ಬಗ್ಗಿ ಕೂತು ತುಕ್ಕು ಕೆರೆಯುತ್ತಿರುತ್ತಾನೆ. ಆ ಕಾಲದ ದೋಣಿಯಲ್ಲಿ ಮುಳುಗಿದಾಗ ಓಡಿಸಲು 252 ಬ್ಯಾಟರಿ ಸೆಲ್ ಇರುತ್ತಿದ್ದವು, ಒಂದೊಂದೂ ಎದೆಮಟ್ಟದ ಹತ್ತಿರ ಹತ್ತಿರ. ನೀರಿನ ಮೇಲೆ ಬಂದಾಗ ಡೀಸೆಲ್ ಎಂಜಿನ್ ಓಡಿಸಿ ಅವನ್ನು ಚಾರ್ಜ್ ಮಾಡುತ್ತಿದ್ದರು. ಡೀಸೆಲ್‌ಗೆ ಗಾಳಿ ಬೇಕು, ಮುಳುಗಿದ ಮೇಲೆ ಗಾಳಿ ಎಲ್ಲಿಂದ ಬರಬೇಕು? ಹೆಸರಿಗೆ ಸಬ್‌ಮರೀನ್, ಹೆಚ್ಚು ಹೊತ್ತು ನೀರಿನ ಮೇಲೇ. ಇದು ನನಗೆ ಗೊತ್ತಾದದ್ದೇ ಆ ಅಜ್ಜನ ಕೆರೆಯುವ ಕೆಲಸ ನೋಡಿ. ಇನ್ನೊಬ್ಬಳು ಒತ್ತಡ ತೋರಿಸುವ ಗೇಜಿನ ಹಿತ್ತಾಳೆ ಬಳೆಯನ್ನು ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜುತ್ತಿರುತ್ತಾಳೆ. ಹಳೇ ಬಣ್ಣದಲ್ಲಿ ಸೀಸ ಇರುವುದರಿಂದ ಕೆರೆಯುವವರೆಲ್ಲ ಮಾಸ್ಕ್ ಹಾಕಿರುತ್ತಾರೆ. ಯಾವುದಾದರೂ ದೋಣಿ ಗುಜರಿಗೆ ಹೋಗುತ್ತದೆ ಅಂತ ಗೊತ್ತಾದರೆ ಉಳಿದ ದೋಣಿಯವರು ಓಡಿಹೋಗಿ ವಾಲ್ವ್, ಸ್ವಿಚ್ಚು, ಮಂಚ ಬಿಚ್ಚಿಕೊಂಡು ಬರುತ್ತಾರೆ.

ಅಲ್ಲೂ ಎಲ್ಲಾ ಸುಖಾಂತ ಅಂದುಕೊಳ್ಳಬೇಡಿ. ನ್ಯೂಜೆರ್ಸಿಯಲ್ಲಿ ‘ಲಿಂಗ್’ ಅನ್ನುವ ಸಬ್‌ಮರೀನ್ ನದಿಯ ಹೂಳಿನಲ್ಲಿ ಹೂತುಕೊಂಡು ಕೂತಿತ್ತು. 2018ರಲ್ಲಿ ಯಾರೋ ಕಿಡಿಗೇಡಿಗಳು ಒಳಗೆ ನುಗ್ಗಿ ನೀರು ತುಂಬಿಸಿದರು. ಸೌತ್ ಕೆರೊಲಿನಾದ ‘ಕ್ಲಾಮಗೋರ್’ 1981ರಿಂದ ಮ್ಯೂಸಿಯಂ ಆಗಿತ್ತು. ಉಪ್ಪುನೀರು ತಿಂದುಹಾಕಿತು. 2022ರಲ್ಲಿ ಎಳೆದುಕೊಂಡು ಹೋಗಿ ತುಂಡು ಮಾಡಿದರು. ಕಾಡ್ ಸಿಹಿನೀರಿನಲ್ಲಿದೆ, ಅದರ ಪುಣ್ಯ. ಹಾಗಂತ ಸುಮ್ನೆ ಬಿಟ್ಟಿಲ್ಲ. 2021ರಲ್ಲಿ ಪಕ್ಕದ ರಾಜ್ಯದ ಹಡಗುಕಟ್ಟೆಗೆ ಎಳೆದೊಯ್ದು, ನೀರಿಂದ ಎತ್ತಿ, ತಳ ರಿಪೇರಿ ಮಾಡಿಸಿಕೊಂಡು ಬಂದರು. ಅಂಥದ್ದಕ್ಕೆ ದೊಡ್ಡ ದುಡ್ಡು ಬೇಕು, ಕೈಕೆಲಸದಲ್ಲಿ ಆಗುವುದಲ್ಲ. ಆದರೆ ದುಡ್ಡು ಕೇಳುವುದಕ್ಕೂ ಮೊದಲು ‘ಈ ದೋಣಿ ನಮ್ಮದು’ ಅಂತ ನಲವತ್ತೈವತ್ತು ವರ್ಷ ಅಲ್ಲಿ ಬೆವರು ಸುರಿಸಿದವರು ಇರಬೇಕು. ನಮ್ಮಲ್ಲಿ ಉಲ್ಟಾ. ಮೊದಲು ಅನುದಾನ, ಆಮೇಲೆ ಉದ್ಘಾಟನೆ, ಆಮೇಲೆ ಬೀಗ.

ಒಂದು ಉದಾಹರಣೆ ಕೊಡುತ್ತೇನೆ, ಕಚೇರಿ ಯಾವುದು ಅಂತ ಕೇಳಬೇಡಿ. ನಮ್ಮ ಕಡೆ ಒಂದು ಕಚೇರಿಯ ಮುಂದೆ ಹಳೇ ಉಗಿ ರೋಡ್ ರೋಲರ್ ಕಟ್ಟೆ ಮೇಲೆ ನಿಲ್ಲಿಸಿದ್ದಾರೆ. ಸುತ್ತ ಕಬ್ಬಿಣದ ಬೇಲಿ. ಯಾವುದೋ ಸಮಾರಂಭದ ಹಿಂದಿನ ದಿನ ಗುತ್ತಿಗೆಯವರು ಬಂದು ಮೇಲಿಂದ ಕೆಳಗೆ ಸಿಲ್ವರ್ ಬಣ್ಣ ಬಳಿದುಹೋದರು. ಚಕ್ರಕ್ಕೂ ಅದೇ, ಚಿಮಣಿಗೂ ಅದೇ. ಬಾಯ್ಲರ್ ಮೇಲೆ ತಯಾರಕರ ಹಿತ್ತಾಳೆ ಫಲಕ ಇತ್ತು, ಅದರ ಮೇಲೂ ಅದೇ. ಅಕ್ಷರದ ಸಂದಿಯಲ್ಲಿ ಬಣ್ಣ ಕೂತು ಈಗ ಓದಲು ಆಗುವುದಿಲ್ಲ. ಬಣ್ಣದ ಕೆಳಗೆ ತುಕ್ಕು ತನ್ನ ಪಾಡಿಗೆ ತಾನು ಬೆಳೆಯುತ್ತಿದೆ, ಮೇಲಿನ ಪದರ ಹಪ್ಪಳದ ಹಾಗೆ ಉಬ್ಬಿದೆ. ಚಿಮಣಿಗೆ ಮುಚ್ಚಳ ಇಲ್ಲ, ಮಲೆನಾಡಿನ ಮಳೆ ಅಷ್ಟೂ ಒಳಗೆ. ಕಳೆದ ಆಗಸ್ಟಿನಲ್ಲಿ ಅದರ ಬಾಯಲ್ಲಿ ಒಂದು ಜರಿಗಿಡ ಹುಟ್ಟಿತ್ತು. ಚೆನ್ನಾಗಿಯೇ ಕಾಣುತ್ತಿತ್ತು ಬಿಡಿ.

ನಾವು ನಾಲ್ಕು ಜನ ಹೋಗಿ ಕೇಳಿದೆವು. ಸಾರ್, ದುಡ್ಡು ಬೇಡ, ಭಾನುವಾರ ಬಂದು ಕ್ಲೀನ್ ಮಾಡಿ ಎಣ್ಣೆ ಹಾಕಿ ಹೋಗುತ್ತೇವೆ. ಅವರು ನಮ್ಮನ್ನೇ ಅನುಮಾನದಿಂದ ನೋಡಿದರು. ದುಡ್ಡು ಕೇಳಿದ್ದರೆ ಅರ್ಥವಾಗುತ್ತಿತ್ತೋ ಏನೋ. ‘ಬೇಕಾದರೆ ಶ್ರಮದಾನ ಅಂತ ಒಂದು ದಿನ ಮಾಡಿ, ಬ್ಯಾನರ್ ಹಾಕಿಸೋಣ’ ಅಂದರು. ಒಂದು ದಿನ! ಕೈಗೆ ಹೊಸ ಗ್ಲೌಸ್, ಎದುರಿಗೆ ಫೋಟೋಗ್ರಾಫರ್.

ಮಲೆನಾಡಿನವರಿಗೆ ಈ ಕೆಲಸ ಹೊಸದೇನಲ್ಲ. ಮುಯ್ಯಾಳು ಅಂತ ಇತ್ತಲ್ವಾ. ಇವತ್ತು ನಿಮ್ಮ ಗದ್ದೆ ನಟ್ಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಊಟ ಉಂಟು, ಮಾತು ಜಾಸ್ತಿ. ಸಬ್‌ಮರೀನಿನವರದ್ದೂ ಅದೇ ಜಾತಿಯ ಕೆಲಸ ಅಂತ ನನಗನ್ನಿಸುತ್ತದೆ, ಮುಯ್ಯಿ ತೀರಿಸಲು ಆ ಕಡೆಯವರು ಬದುಕಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಕೆಲವರು ಕೇಳುತ್ತಾರೆ, ಕೊಲ್ಲುವ ಯಂತ್ರವನ್ನು ಇಷ್ಟು ಮುದ್ದು ಮಾಡಬೇಕಾ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಗುಂಡು ಬಾಯಿಯಲ್ಲಿ ಇಳಿದು, ಟಾರ್ಪಿಡೊ ಪಕ್ಕದಲ್ಲೇ ನೇತುಹಾಕಿದ ಮಂಚ ನೋಡಿದ ಹುಡುಗನಿಗೆ ಯುದ್ಧದ ಮೇಲೆ ಮೋಹ ಹುಟ್ಟುವುದು ಕಷ್ಟ. ಸಿನಿಮಾ ನೋಡಿದರೆ ಹುಟ್ಟಬಹುದು.

ಉತ್ಸಾಹ ಒಂದಿದ್ದರೆ ಸಾಕು ಅಂತಲೂ ನಾನು ಹೇಳುವುದಿಲ್ಲ, ಯಾಕೆಂದರೆ ಹಾಳು ಮಾಡಿದವನು ನಾನೇ. ನಮ್ಮ ತೋಟದ ಪಂಪ್‌ಮನೆಯಲ್ಲಿ ಅಜ್ಜನ ಕಾಲದ ಡೀಸೆಲ್ ಎಂಜಿನ್ ಇತ್ತು, ಹ್ಯಾಂಡಲ್ ಹೊಡೆದು ಶುರು ಮಾಡುವಂಥದ್ದು. ವಿಡಿಯೋ ನೋಡಿದ ಹುರುಪಿನಲ್ಲಿ ಗ್ರೈಂಡರ್ ತಗೊಂಡು ಅದರ ನಂಬರ್ ಪ್ಲೇಟನ್ನು ಫಳಫಳ ಮಾಡಿದೆ. ಫಳಫಳ ಬಂತು, ನಂಬರ್ ಹೋಯ್ತು. ಮಾವ ನೋಡಿ ಏನೂ ಅನ್ನಲಿಲ್ಲ. ಎರಡು ದಿನ ಕಷಾಯಕ್ಕೆ ಬರಲಿಲ್ಲ, ಅಷ್ಟೇ.

ಮೂರನೇ ದಿನ ಬಂದು ಪಂಪ್‌ಮನೆಗೆ ಕರೆದುಕೊಂಡು ಹೋದರು. ಸಿಲಿಂಡರ್ ಹೆಡ್ಡಿನ ಒಂದು ನಟ್ಟು ಕಚ್ಚಿಕೊಂಡಿತ್ತು. ನಾನು ಪೈಪು ಸಿಕ್ಕಿಸಿ ಎಳೆಯಲು ಹೋದೆ. ‘ಏ, ಬಲ ಹಾಕ್ಬೇಡ ಮಾರಾಯ. ಎಣ್ಣೆ ಬಿಟ್ಟು ಮಲಗು ಹೋಗು’ ಅಂದರು. ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ನಟ್ಟಿನ ಬುಡಕ್ಕೆ ಬಿಟ್ಟು, ಸುತ್ತಿಗೆಯಿಂದ ಟಿಣ್ ಟಿಣ್ ಅಂತ ನಾಲ್ಕು ಕಡೆ ತಟ್ಟಿದರು. ಕಿವಿಗೊಟ್ಟು ಕೇಳಿದರು. ದಿನಾ ಸಂಜೆ ಹೀಗೇ. ಆರನೇ ದಿನ ತಟ್ಟುವಾಗ ಸದ್ದು ಬದಲಾಯಿತು ಅಂದರು. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಸ್ಪ್ಯಾನರ್ ಇಟ್ಟು ಎರಡು ಬೆರಳಲ್ಲಿ ತಿರುಗಿಸಿದರು, ಬಂತು.

ಆ ಸದ್ದು ಯಾವ ಪುಸ್ತಕದಲ್ಲಿದೆ? ಭದ್ರಾವತಿಯಲ್ಲಿ ಇಂಥ ಕಿವಿ ಇರುವವರು ಎಷ್ಟೋ ಜನ ಸುಮ್ಮನೆ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ. ಯಂತ್ರ ಇದ್ದರೆ ತಾನೇ ಅವರು ಕೇಳಿಸಿಕೊಳ್ಳುವುದು, ನಮಗೆ ಹೇಳಿಕೊಡುವುದು? ನನಗೆ ಅವಸರ ಇರುವುದು ಇದಕ್ಕೇ. ಕಬ್ಬಿಣ ಇನ್ನೂ ಇಪ್ಪತ್ತು ವರ್ಷ ಕಾಯಬಹುದು, ಮಾವ ಕಾಯಲಾರರು.

ಸಿಗಂದೂರು ಲಾಂಚ್ ಬಗ್ಗೆಯೂ ನನಗೆ ಇದೇ ಹೊಟ್ಟೆಯುರಿ. ಅದು ಓಡುತ್ತಿದ್ದ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆಯಿತು, 2.4 ಕಿಲೋಮೀಟರ್ ಹತ್ತಿರ ಹತ್ತಿರ. ಬಹಳ ಒಳ್ಳೆಯದಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗಿನಿಂದ ಕರೂರು, ಭಾರಂಗಿ ಕಡೆಯವರು ಪಟ್ಟ ಪಾಡಿಗೆ ಅದು ಯಾವಾಗಲೋ ಆಗಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚ್ ಇಲ್ಲ ಅನ್ನುವ ಭಯ ಯಾರಿಗೂ ಬೇಡ. ಹಾಗಾಗಿ ‘ಅಯ್ಯೋ ಆ ಲಾಂಚಿನ ದಿನಗಳು’ ಅಂತ ನಾನು ಅಳುವುದಿಲ್ಲ, ಆ ದಿನಗಳು ದಡದಲ್ಲಿ ಕಾದವರಿಗೆ ಗೊತ್ತು. ಆದರೆ ಬಸ್ಸು, ಜೀಪು, ಜನ, ಮೇಕೆ ಎಲ್ಲವನ್ನೂ ಹೊತ್ತು ಶರಾವತಿ ಹಿನ್ನೀರು ದಾಟಿಸಿದ ಒಂದೇ ಒಂದು ಲಾಂಚಾದರೂ ಎಂಜಿನ್ ಸಮೇತ, ಸದ್ದು ಸಮೇತ ಉಳಿಯಬೇಕು. ಅದನ್ನು ಓಡಿಸಿದವರ ಕೈಯಲ್ಲೇ. ದಡಕ್ಕೆ ಎಳೆದು, ಸಿಲ್ವರ್ ಬಣ್ಣ ಬಳಿದು, ಮುಂದೆ ಸೆಲ್ಫಿ ಪಾಯಿಂಟ್ ಬೋರ್ಡ್ ಹಾಕುವುದಾದರೆ ಬೇಡ, ಗುಜರಿಗೇ ಕೊಡಿ.

ರೋಡ್ ರೋಲರ್ ಕಥೆ ಎಲ್ಲಿಗೆ ಬಂತು ಅಂದರೆ, ಮೂರನೇ ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಫೈಲು ಮೇಲೆ ಹೋಗಿದೆಯಂತೆ. ಮಾವ ಮಾತ್ರ ಕಾಯುತ್ತಿಲ್ಲ. ಸಂಜೆ ವಾಕಿಂಗ್ ಹೋಗುವಾಗ ಅವರ ಜುಬ್ಬದ ಜೇಬಿನಲ್ಲಿ ಹೊಲಿಗೆ ಮೆಷಿನ್ನಿನ ಸಣ್ಣ ಎಣ್ಣೆಡಬ್ಬಿ ಇರುತ್ತದೆ. ಬೇಲಿ ಸಂದಿಯಲ್ಲಿ ಕೈ ಹಾಕಿದರೆ ಹಿಂದಿನ ಚಕ್ರದ ಒಂದು ನಟ್ಟು ಸಿಗುತ್ತದೆ. ಒಂದೇ ಒಂದು. ಅದಕ್ಕೆ ದಿನಾ ಎರಡು ಹನಿ ಬಿಟ್ಟು, ಕೊಡೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಬರುತ್ತಾರೆ. ನಿನ್ನೆ ಬಂದವರೇ ಚಪ್ಪಲಿ ಬಿಡುತ್ತಾ ಹೇಳಿದರು, ‘ಸದ್ದು ಬದಲಾಗ್ತಿದೆ ಕಣಾ.’