ಶೀಟು ಇಳಿಸುವ ಮುನ್ನ ನೀರು ಹಾಕಿ

ಕೇಳುಗರಿಗೆ ನಮಸ್ಕಾರ. ಮಳೆ ಹಿಡಿಯುವುದರೊಳಗೆ ಮನೆಯ ಹಳೆಯ ಸಿಮೆಂಟ್ ಶೀಟು ತೆಗೆಸಿಬಿಡೋಣ ಎಂದು ಲೆಕ್ಕ ಹಾಕುತ್ತಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ನಿಮಗೆ ನಾನು ಹೇಳುವುದು ಒಂದೇ ಮಾತು: ಒಡೆಯಬೇಡಿ, ಒದ್ದೆ ಮಾಡಿ.

ಆ ಹಳೆಯ ಶೀಟು ಬರೀ ಸಿಮೆಂಟಲ್ಲ. ಅದರೊಳಗೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಎಳೆಗಳಿವೆ. ಶೀಟು ಇಡಿಯಾಗಿರುವಷ್ಟು ದಿನ ಸಿಮೆಂಟು ಅವನ್ನು ಹಿಡಿದುಕೊಂಡಿರುತ್ತದೆ. ಒಡೆದರೆ, ಕೊರೆದರೆ, ಗ್ರೈಂಡರ್ ಹಚ್ಚಿದರೆ ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಯಿಲೆ ತಲೆದೋರುವುದು 20, 30, 40 ವರ್ಷಗಳ ಮೇಲೆ. ಆದ್ದರಿಂದ "ನಮ್ಮಪ್ಪನ ಕಾಲದಿಂದ ಒಡೆಯುತ್ತಿದ್ದೇವೆ, ಏನೂ ಆಗಿಲ್ಲ" ಎಂಬ ಮಾತನ್ನು ದಯವಿಟ್ಟು ನನ್ನ ಮುಂದೆ ಆಡಬೇಡಿ.

ಕೆಲವು ವರ್ಷಗಳ ಹಿಂದೆ ತಿಪಟೂರಿನ ಕಡೆಯ ಒಂದು ಹಳ್ಳಿಗೆ ಮನೆಯ ಅಳತೆ ಹಿಡಿಯಲು ಹೋಗಿದ್ದೆ. ಹುಡುಗರಿಬ್ಬರು ಕೆಳಗಿನಿಂದಲೇ ಶೀಟು ಕುಟ್ಟಿ ಕೆಡವುತ್ತಿದ್ದರು. ತೂತಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಬೂದು ಪುಡಿ ಸುಳಿದಾಡುತ್ತಿತ್ತು. ಹುಡುಗರ ಕಣ್ಣರೆಪ್ಪೆಯ ಮೇಲೂ ಅದೇ ಪುಡಿ. ನಿಲ್ಲಿಸಿ ಎಂದೆ. ಎಳೆ, ಶ್ವಾಸಕೋಶ ಎಂದೆಲ್ಲ ವಿವರಿಸಿದೆ. ತಲೆಯಾಡಿಸಿದರು, ಮತ್ತೆ ಸುತ್ತಿಗೆ ಎತ್ತಿದರು. ಆಗ ಜಗಲಿಯಲ್ಲಿ ಕುಳಿತಿದ್ದ ಮನೆಯ ಅಜ್ಜಿ ಅಲ್ಲಿಂದಲೇ ಕೂಗಿ ಹೇಳಿದರು: "ನೀರು ಚಿಮುಕಿಸದೆ ಯಾರಾದರೂ ಅಂಗಳ ಗುಡಿಸುತ್ತಾರೇನಪ್ಪಾ?" ಅಷ್ಟೇ. ಸುತ್ತಿಗೆ ಕೆಳಗಿಳಿಯಿತು. ನನ್ನ ಇಷ್ಟು ವರ್ಷಗಳ ಎಂಜಿನಿಯರಿಂಗ್ ಅನುಭವ ಹೇಳಲಾಗದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಧೂಳು ಆರುವವರೆಗೆ ಎಲ್ಲರೂ ಹೊರಗೆ ನಿಂತೆವು. ಕೈಪಂಪು ತರಿಸಿ, ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಶೀಟಿನ ಎರಡೂ ಮೈಯನ್ನು ನೆನೆಸಿದೆವು. ಸೋಪು ಬೆರೆತರೆ ನೀರು ಬೇಗ ಒಳಗಿಳಿಯುತ್ತದೆ. ಸಾರವೆಯ ಮೇಲೆ ನಿಂತು ಬೋಲ್ಟ್ ಬಿಚ್ಚಿ, ಒಂದೊಂದೇ ಶೀಟನ್ನು ಇಡಿಯಾಗಿ ಕೈಯಿಂದ ಕೈಗೆ ಇಳಿಸಿದೆವು. ಒಂದು ಗಂಟೆಯ ಕೆಲಸ ಸಂಜೆಯವರೆಗೆ ಹಿಡಿಯಿತು. ಹಿಡಿಯಲಿ!

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ತುಕ್ಕು ಹಿಡಿದ ಬೋಲ್ಟ್ ಬಿಚ್ಚಿ ಬಾರದಿದ್ದರೆ ಬೋಲ್ಟನ್ನು ಕತ್ತರಿಸಿ, ಶೀಟನ್ನಲ್ಲ. ಶೀಟಿನ ಮೇಲೆ ಕಾಲಿಡಬೇಡಿ, ಮುರಿದು ಬಿದ್ದು ಜೀವ ಕಳೆದುಕೊಂಡವರಿದ್ದಾರೆ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಕಣ್ಣಿಗೆ ಕಾಣದ ಧೂಳನ್ನೂ ತಡೆಯುವ ಎಫ್‌ಎಫ್‌ಪಿ 3 ದರ್ಜೆಯ ಮುಖಗವಸು ಬೇಕು. ಮಕ್ಕಳನ್ನು ನೆಂಟರ ಮನೆಗೆ ಕಳುಹಿಸಿ. ಚೂರುಗಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೂರುಗಳೊಂದಿಗೆ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಕಟ್ಟಿಡಿ. ತೆಗೆದ ಶೀಟನ್ನು ದನದ ಕೊಟ್ಟಿಗೆಗೆ ಹೊದಿಸಬೇಡಿ, ತಿಪ್ಪೆಗೆ ಎಸೆಯಬೇಡಿ. ಅದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೆಲಸಕ್ಕೆ ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಆ ದಿನ ಉಟ್ಟ ಬಟ್ಟೆಯನ್ನು ಹಿತ್ತಲಲ್ಲಿ ನಿಂತು ಕೊಡವಬೇಡಿ. ಅದನ್ನೂ ಮೊದಲು ಒದ್ದೆ ಮಾಡಿ. ನಮಸ್ಕಾರ.